ಹದಿನಾರು ಮೂರಲೆ

ಮತ್ತೆ ಬಂದಳು ಓದಿಲ್, ಹೆಗಲ ಮೇಲೆ ಸೈಕಲ್ಲು,
ಮೊಣಕಾಲಿಂದ ಕೆಳಗೆ ಮಾಂಟ್ರಿಯಲ್ಲಿನ ನವೆಂಬರ್ ಕೆಸರು.
ಈ ತಿಂಗಳಲ್ಲಿ ಇದು ಮೂರನೇ ಟೈರು.
ಬಿಚ್ಚಿ, ದೀಪದ ಕೆಳಗೆ ಹಿಡಿದು ತಿರುಗಿಸಿದೆ:
ಸುತ್ತಲೂ ಹೊಸದು, ಅಚ್ಚಿನ ಗೆರೆ ಕೂಡ ಅಳಿಸಿಲ್ಲ.
ಒಂದೇ ಒಂದು ಕಡೆ ಹೆಬ್ಬೆರಳಗಲ ಸವೆದು
ನೂಲು ಕಾಣುತ್ತದೆ. ಬೆರಳಿಟ್ಟರೆ ಆಚೆ ಬರುತ್ತದೆ.

"ಒಳ್ಳೆ ರಬ್ಬರು ಕೊಡು ವಿಲ್ನೆರ್, ಕಳ್ಳ ಮಾಲು ಬೇಡ."

ಕಳ್ಳತನ ರಬ್ಬರಿನದಲ್ಲ ತಾಯಿ, ಲೆಕ್ಕದ್ದು.
ಮುಂದೆ ನಲವತ್ತೆಂಟು ಹಲ್ಲು, ಹಿಂದೆ ಹದಿನಾರು.
ಹದಿನಾರು ಮೂರಲೆ ನಲವತ್ತೆಂಟು, ಶೇಷವಿಲ್ಲ.
ಪೆಡಲು ಒಂದು ಸುತ್ತು ಬಂದರೆ ಗಾಲಿ ಸರಿಯಾಗಿ ಮೂರು.
ನೀನು ಎಡಗಾಲು ಮುಂದಿಟ್ಟೇ ಬಿಗಿಯುವವಳು;
ಯಾವ ಬೀದಿಯಲ್ಲಿ ಬಿಗಿದರೂ ನೆಲಕ್ಕೆ ಸಿಗುವುದು ಅದೇ ಜಾಗ,
ಯಾರು ಗಲಾಟೆ ಮಾಡಿದರೂ ಏಟು ತಿನ್ನುವ
ಮೊದಲ ಬೆಂಚಿನ ಹುಡುಗನ ಹಾಗೆ.

"ಬಲಗಾಲು ಮುಂದಿಟ್ಟರೆ?"
ಬಲಗಾಲಿಟ್ಟು ಬಂದರೆ ಗಾಲಿ ಅರ್ಧ ಸುತ್ತು ಸರಿದಿರುತ್ತದೆ,
ಈ ತೂತಿನ ನೇರ ಎದುರಿಗೆ ಇನ್ನೊಂದು ತೂತು.
ಅಷ್ಟೇ ಶುಭ.

ನಕ್ಕಳು. ಕಾಫಿ ಬಗ್ಗಿಸಿ ಕೊಟ್ಟೆ.
ಇನ್ನೊಂದು ಮಾತು, ನೀನು ಕೇಳದಿದ್ದರೂ ಹೇಳುತ್ತೇನೆ:
ಉರುಳುವ ಗಾಲಿಯಲ್ಲಿ ನೆಲ ಮುಟ್ಟಿದ ಆ ಚೂರು ಇದೆಯಲ್ಲ,
ಅದು ಓಡುತ್ತಿಲ್ಲ.
ನೀನು ಓಡುತ್ತೀ, ಕಡ್ಡಿಗಳು ಓಡುತ್ತವೆ,
ಬೆನ್ನ ಚೀಲದಲ್ಲಿ ವಕೀಲರ ಕಾಗದ ಓಡುತ್ತದೆ,
ಅದೊಂದು ಮಾತ್ರ ರೆಪ್ಪೆ ಬಡಿಯುವುದಕ್ಕೂ ಮೊದಲು
ನಿಂತು, ಎದ್ದು, ಪಕ್ಕದ್ದಕ್ಕೆ ಜಾಗ ಬಿಡುತ್ತದೆ.
ನಿಂತದ್ದು ನೆಲವನ್ನು ಹಿಡಿಯುತ್ತದೆ.
ಜಾರುವುದು ಬರೀ ಕಿರುಚುತ್ತದೆ.

ಬೆರಿ ಬೀದಿಯ ಇಳಿಜಾರಿನಲ್ಲಿ ಬಸ್ಸಿನ ಕೆಂಪು ದೀಪ ಕಂಡಾಗ
ಗಾಡಿ ನಿಧಾನಿಸಿದರೂ ಮೈ ಒಪ್ಪುವುದಿಲ್ಲ, ಮುಂದಕ್ಕೇ ವಾಲುತ್ತದೆ.
ಭಾರವೆಲ್ಲ ಮುಂದಿನ ಗಾಲಿಗೆ ಹರಿದು ಹಿಂದಿನದು ಹೂವಾಗುತ್ತದೆ.
ಅದೂ ಸಾಲದೆಂದು ನೀನು ಎದೆಯನ್ನು ಹ್ಯಾಂಡಲಿನ ಮೇಲೆ ಚೆಲ್ಲಿ
ಇನ್ನಷ್ಟು ಹಗುರ ಮಾಡಿ, ಕಟ್ಟಿಹಾಕಿ, ಎಳೆದುಕೊಂಡು ಹೋಗುತ್ತೀ.
ಮನೆಯಲ್ಲಿ ತೀರ ಸಣ್ಣವನ ಕೈಗೆ ಹಗ್ಗ ಕೊಟ್ಟು
ಹೋರಿ ನಿಲ್ಲಿಸು ಅಂದ ಹಾಗೆ.
ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ.
ಮಳೆ ಬಂದರೆ ಎಷ್ಟು, ನಾನು ಲೆಕ್ಕ ಹಾಕುವುದಿಲ್ಲ.

ಜಾಕ್‌ಮೆಲ್‌ನಲ್ಲಿ ನಮ್ಮ ಸೈಕಲ್ಲಿಗೂ ಬ್ರೇಕಿರಲಿಲ್ಲ.
ಅಣ್ಣ ಫ್ರೆನೆಲ್ ದಿಬ್ಬದ ಮೇಲಿಂದ ತಳ್ಳಿಬಿಡುತ್ತಿದ್ದ;
ಕೆಳಗೆ ಸಮುದ್ರ ಬರುವುದರೊಳಗೆ
ಹಿಂದಿನ ಗಾಲಿಗೆ ಚಪ್ಪಲಿ ಒತ್ತಿ ನಿಲ್ಲಿಸಬೇಕು.
ಎಡಗಾಲಿನದೇ ಸವೆಯುತ್ತಿತ್ತು, ಬಲಗಾಲಿನದು ಹಬ್ಬದಷ್ಟು ಹೊಸದು.
ಅಪ್ಪ ಸಂತೆಯಲ್ಲಿ ಒಂಟಿ ಚಪ್ಪಲಿ ಕೇಳಿದ.
ಅಯ್ಯೋ, ಮಗನಿಗೆ ಒಂದೇ ಕಾಲೇ ಅಂತ
ಮಾರುವವಳು ಮರುಗಿ ಬೆಲೆ ಇಳಿಸಿದಳು.
ಅಪ್ಪ ಹೌದೆಂದ.

ಹದಿನಾರನ್ನು ಬಿಚ್ಚಿ ಹದಿನೇಳು ತೊಡಿಸಿದೆ.
ಹದಿನೇಳರ ಮಗ್ಗಿಯಲ್ಲಿ ನಲವತ್ತೆಂಟು ಬರುವುದೇ ಇಲ್ಲ;
ಗಾಲಿಯ ಮೂರನೇ ಸುತ್ತು ಮುಗಿಯುವ ಮುಂಚೆಯೇ
ಪೆಡಲು ಮನೆ ಸೇರಿರುತ್ತದೆ. ಪ್ರತಿ ಸಲ ಬೇರೆ ಜಾಗ,
ಒಟ್ಟು ಹದಿನೇಳು. ಏಟು ಹಂಚಿಹೋಗುತ್ತದೆ.
ಹಂಚಿಹೋಗುತ್ತದೆ, ಕಡಿಮೆಯಾಗುವುದಿಲ್ಲ,
ಅದಕ್ಕೆ ಇದು ಅಂತ
ಮುಂದಿನ ಗಾಲಿಯ ಬ್ರೇಕೊಂದನ್ನು, ಹಳೆಯದು, ಮೇಜಿನ ಮೇಲಿಟ್ಟೆ.
ಚೀಲಕ್ಕೆ ಹಾಕಿಕೊಂಡಳು.
ಹಾಕಿಸಿಕೊಳ್ಳಲಿಲ್ಲ.

ದುಡ್ಡು ಶುಕ್ರವಾರ ಅಂದಳು.
ಬಾಗಿಲಲ್ಲಿ ನಿಂತೆ. ಮೂಲೆಯ ದೀಪ ಕೆಂಪಾಯಿತು.
ಒದ್ದೆ ಡಾಂಬರಿನ ಮೇಲೆ, ಉದ್ದಕ್ಕೆ, ಬಟ್ಟೆ ಹರಿದ ಹಾಗೆ ಸದ್ದು.
ಮುಗಿಯಲಿ ಅಂತ ಕಾದೆ.
ಕೈಯಲ್ಲಿದ್ದ ಹಳೇ ಹದಿನಾರು ಅಂಗೈಗೆ ಹಲ್ಲೂರಿತ್ತು.
ಆಮೇಲೆ ಸರಪಳಿ ಮತ್ತೆ ಮಾತಾಡಿತು.
ಎಡಗಾಲೇ. ಇಲ್ಲಿಂದಲೇ ಗೊತ್ತಾಯಿತು.